ಕಾಗದದ ಮೇಲಿನ ಹುಣ್ಣು

ವಿಮೆ ಕಂಪನಿಯ ಕಾಗದ ಬಂದ ಹೊತ್ತಿಗೆ ಗಾಜಕ್ಕ ಆರಡಿ ಉದ್ದದ ಗಾಜನ್ನು ಮೇಜಿನ ಮೇಲೆ ಮಲಗಿಸಿ, ಅಳತೆಪಟ್ಟಿಯನ್ನು ಎಡಗೈಯಿಂದ ಒತ್ತಿ ಹಿಡಿದು, ಗೀಟು ಎಳೆಯಲು ಬಗ್ಗಿದ್ದಳು. ಅಂಚೆಯವನು ಲಕೋಟೆಯನ್ನು ಮೇಜಿನ ಮೂಲೆಯಲ್ಲಿಟ್ಟು, ಅವಳ ಕೈಯಲ್ಲಿದ್ದ ಕಟರನ್ನು ನೋಡಿ, ತುಟಿ ಬಿಚ್ಚದೆ ಹೊರಟುಹೋದ. ಗೀಟು ಎಳೆಯುವಾಗ ಮಾತಾಡಿಸಿದರೆ ಅವಳು ಯಾರು ಎತ್ತ ಎಂದು ನೋಡದೆ ಬೈಯುತ್ತಾಳೆಂಬುದು ಆ ಬೀದಿಗೆಲ್ಲ ಗೊತ್ತಿತ್ತು.

ಗಾಜಕ್ಕ ಅನ್ನುವುದು ಗಿರಾಕಿಗಳು ಇಟ್ಟ ಹೆಸರು. ಅಪ್ಪ ತೀರಿಕೊಂಡ ಮೇಲೆ ಅವನ ಗಾಜು-ಕನ್ನಡಿ ಅಂಗಡಿಯನ್ನು ಅವಳೂ ಅವಳ ಅಣ್ಣನೂ ಸೇರಿ ನಡೆಸುತ್ತಿದ್ದರು. ಕತ್ತರಿಸುವುದು, ಅಂಚು ಉಜ್ಜುವುದು ಅವಳ ಕೆಲಸ. ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಕೂರಿಸಿ ಬರುವುದು ಅಣ್ಣನ ಕೆಲಸ. ಇದ್ದದ್ದೂ ಒಂದೇ ಮನೆಯಲ್ಲಿ. ಕೆಳಗೆ ಅಣ್ಣ, ಅತ್ತಿಗೆ. ಮಹಡಿಯಲ್ಲಿ ಅವಳು ಮತ್ತು ಹನ್ನೊಂದು ವರ್ಷದ ಮಗಳು.

ಗೀಟು ಮುಗಿಸದೆಯೇ ಅವಳು ಲಕೋಟೆ ಹರಿದಳು. ತಮ್ಮ ಪ್ರಸ್ತಾವನೆಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ. ತಮ್ಮ ಆರೋಗ್ಯದ ಸ್ಥಿತಿಯನ್ನು ಗಮನಿಸಿ ವಿಮಾ ರಕ್ಷಣೆ ನೀಡಲು ಆಗುತ್ತಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಅಷ್ಟೇ. ಕೆಳಗೊಂದು ಸಹಿ, ಅದೂ ಯಂತ್ರ ಹಾಕಿದ್ದು.

ಎರಡು ಸಲ ಓದಿ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಗೀಟು ಎಳೆದಳು. ಗಾಜು ಗೀಟಿನ ದಾರಿ ಬಿಟ್ಟು ಅಡ್ಡಡ್ಡ ಸೀಳಿತು. ಅವಳ ಕೈಯಲ್ಲಿ ಹಾಗೆ ಗಾಜು ಒಡೆದು ಎಷ್ಟು ವರ್ಷವಾಗಿತ್ತೋ.

"ಏನಾಯ್ತೇ?" ಎಂದು ಹಿಂದಿನ ಕೋಣೆಯಿಂದ ಅಣ್ಣ ಬಂದ.

"ಬೇಡವಂತೆ ನಾನು. ಕೂಲಂಕಷವಾಗಿ ನೋಡಿದ್ರಂತೆ. ಕೂಲಂಕಷ!" ಎಂದು ಕಾಗದವನ್ನು ಅವನ ಎದೆಗೆ ಒತ್ತಿದಳು.

ಅಣ್ಣ ಓದಿದ. ಓದಿ, ಅವಳ ಮುಖ ನೋಡದೆ ಒಡೆದ ಚೂರುಗಳ ಕಡೆ ನೋಡುತ್ತ, "ಹೋಗ್ಲಿ ಬಿಡು ಪುಟ್ಟಿ. ಅದನ್ನ ಇನ್ನು ಕೆದಕೋಕೆ ಹೋಗ್ಬೇಡ. ಕೊಡೋರು ಕೊಡ್ತಾರೆ, ಬಿಡೋರು ಬಿಡ್ತಾರೆ," ಎಂದ. ಅವನು ಹಾಗೆ ತಣ್ಣಗೆ ಹೇಳಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು.

ಅವಳ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಹದಿಮೂರನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಮಾತ್ರೆಗೆ ಬಗ್ಗುವ ಜಾತಿಯದಲ್ಲ, ಇನ್ಸುಲಿನ್ ಇಲ್ಲದೆ ಒಂದು ದಿನವೂ ದೂಡಲಾಗದ ಜಾತಿಯದು. ದಿನಕ್ಕೆ ನಾಲ್ಕು ಸೂಜಿ, ಆರು ಸಲ ಬೆರಳು ಚುಚ್ಚಿ ನೋಡುವುದು, ತುತ್ತು ಎಣಿಸಿ ತಿನ್ನುವುದು. ಇಪ್ಪತ್ತೆಂಟು ವರ್ಷ ಹೀಗೆ. ಅವಳು ಚುಚ್ಚಿಕೊಂಡ ಸೂಜಿಗಳನ್ನೆಲ್ಲ ಸಾಲಾಗಿ ಇಟ್ಟರೆ ಬಸ್ ನಿಲ್ದಾಣ ಮುಟ್ಟುತ್ತದೆಂದು ಅಣ್ಣ ತಮಾಷೆ ಮಾಡುತ್ತಿದ್ದ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿದಾಗಲೆಲ್ಲ ಏಳರ ಒಳಗೇ ಇರುತ್ತಿತ್ತು. ಕಣ್ಣು ಚೆನ್ನಾಗಿತ್ತು, ಮೂತ್ರಪಿಂಡ ಚೆನ್ನಾಗಿತ್ತು. "ನಿನ್ನ ಹಾಗೆ ನೋಡಿಕೊಳ್ಳೋರು ನೂರಕ್ಕೆ ಒಬ್ಬರೂ ಇಲ್ಲ" ಎಂದು ಡಾಕ್ಟರೇ ಹೇಳಿದ್ದರು.

ಗಂಡ ಲಾರಿ ಓಡಿಸುತ್ತಿದ್ದವನು. ವಿಮೆ ಮಾಡಿಸು ಎಂದಾಗಲೆಲ್ಲ "ಮುಂದಿನ ತಿಂಗಳು" ಅನ್ನುತ್ತಿದ್ದ. ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಇನ್ನೊಂದು ಲಾರಿ ಎದುರಿಗೆ ಬಂದು ಅವನ ಮುಂದಿನ ತಿಂಗಳುಗಳೆಲ್ಲ ಮುಗಿದುಹೋದವು. ಅಂದಿನಿಂದ ಅವಳ ತಲೆಯಲ್ಲಿ ಒಂದೇ ಮಾತು: ನಾಳೆ ತನಗೇನಾದರೂ ಆದರೆ ಮಗಳು ಯಾರ ಮನೆ ಬಾಗಿಲಲ್ಲಿ ನಿಲ್ಲಬೇಕು?

ಹಾಗಾಗಿ ಏಜೆಂಟನ್ನು ಅವಳೇ ಅಂಗಡಿಗೆ ಕರೆಸಿದ್ದಳು. ಬೀದಿಯವರು ಅವನನ್ನು ಹಲ್ಲುಗಿಂಜು ಅನ್ನುತ್ತಿದ್ದರು, ಸಾವಿನ ವಿಷಯ ಮಾತಾಡುವಾಗಲೂ ಅವನ ನಗು ಆರುತ್ತಿರಲಿಲ್ಲ. ತೀರಿಕೊಂಡರೆ ಮನೆಯವರಿಗೆ ಇಷ್ಟು, ದೊಡ್ಡ ಕಾಯಿಲೆ ಬಿದ್ದರೆ ಕೈಗೆ ಇಷ್ಟು ಎಂದು ಎರಡು ರಕ್ಷಣೆ ಸೇರಿದ ಯೋಜನೆಯೊಂದನ್ನು ಅವನು ವಿವರಿಸಿದ. ಅರ್ಜಿಯಲ್ಲಿ ಮಧುಮೇಹ ಉಂಟೋ ಎಂಬ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ, "ಅಕ್ಕಾ, ಇಲ್ಲ ಅಂತ ಬರೆದುಬಿಡೋಣ. ಯಾರು ಬಂದು ನೋಡ್ತಾರೆ?" ಎಂದಿದ್ದ.

"ನಾನು ಸತ್ತ ಮೇಲೆ ನೋಡ್ತಾರೆ," ಎಂದಿದ್ದಳು ಗಾಜಕ್ಕ. "ಸುಳ್ಳು ಹೇಳಿದ್ಲು ಅಂತ ಆಗ ನನ್ನ ಮಗಳ ಮುಂದೆ ಓದಿ ಹೇಳ್ತಾರೆ. ಎದ್ದು ಬಂದು ಜಗಳ ಆಡೋಕೆ ನಾನಿರ್ತೀನಾ? ಇದ್ದದ್ದು ಇದ್ದ ಹಾಗೆ ಬರಿ."

ಇದ್ದದ್ದನ್ನೇ ಬರೆದರು. ಯಾವ ವರ್ಷ ಬಂತು, ಎಷ್ಟು ಇನ್ಸುಲಿನ್, ಯಾವ ಡಾಕ್ಟರು ಎಲ್ಲವನ್ನೂ. ಕಂಪನಿಯ ಲ್ಯಾಬಿನವಳು ಅಂಗಡಿಗೇ ಬಂದು ರಕ್ತ, ಮೂತ್ರ ತೆಗೆದುಕೊಂಡು ಹೋಗಿದ್ದಳು. ಎಲ್ಲ ಸರಿ ಇದೆ, ಸಕ್ಕರೆ ಅಂತ ಕಂತು ಒಂದೂವರೆ ಪಟ್ಟು ಆಗಬಹುದು, ಆದರೆ ಆಗುತ್ತೆ ಎಂದು ಹಲ್ಲುಗಿಂಜು ಬಂದು ಹೇಳಿದ್ದ. ಹೆಚ್ಚು ಕಟ್ಟುವುದಕ್ಕೂ ಅವಳು ತಯಾರಿದ್ದಳು. ಈಗ ಈ ಕಾಗದ.

ಫೋನು ಮಾಡಿದರೆ ಹಲ್ಲುಗಿಂಜು, "ವಿಚಾರಿಸಿ ಹೇಳ್ತೀನಿ ಅಕ್ಕಾ," ಎಂದ. ಮರುದಿನವೂ ಹಾಗೇ ಅಂದ. ಮೂರನೇ ದಿನದಿಂದ ಫೋನೇ ಎತ್ತಲಿಲ್ಲ.

ಒಂದು ವಾರ ಗಾಜಕ್ಕ ಕುದಿದಳು. ಗಿರಾಕಿಗಳ ಮೇಲೆ ಹರಿಹಾಯ್ದಳು. ಲೆಕ್ಕದ ಹೋಮ್‌ವರ್ಕು ತಪ್ಪಿದ್ದಕ್ಕೆ ಮಗಳಿಗೆ ಬೈದು, ಆಮೇಲೆ ಬೈದದ್ದಕ್ಕೆ ತನ್ನನ್ನೇ ಬೈದುಕೊಂಡಳು. ಊಟಕ್ಕೆ ಕೂತಾಗೆಲ್ಲ ಕಂಪನಿಯ ಏಳು ತಲೆಮಾರನ್ನು ಎಳೆದು ತರುತ್ತಿದ್ದಳು. ಅಣ್ಣ ತಟ್ಟೆಯಿಂದ ತಲೆ ಎತ್ತದೆ ಕೇಳುತ್ತಿದ್ದ. ಅತ್ತಿಗೆ ಮಾತ್ರ, "ಹೋಗಿ ಎದುರಿಗೇ ಕೇಳು. ನಮ್ಮ ಕಿವಿ ಯಾಕೆ ತೂತು ಮಾಡ್ತೀಯ?" ಎಂದಳು.

ಅದೂ ನಿಜ ಅನ್ನಿಸಿತು. ಎಂಟನೇ ದಿನ ಅಂಗಡಿಯನ್ನು ಅಣ್ಣನಿಗೆ ಬಿಟ್ಟು, ತನ್ನ ವರದಿಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿಕೊಂಡು ಹೊರಟಳು.

ಕಂಪನಿಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು. ಬಾಗಿಲಲ್ಲಿ ಟೋಕನ್ ಕೊಡುವ ಯಂತ್ರ, ಗೋಡೆಯ ಮೇಲೆ ಅಪ್ಪ ಅಮ್ಮ ಇಬ್ಬರು ಮಕ್ಕಳು ಹುಲ್ಲಿನ ಮೇಲೆ ಓಡುವ ದೊಡ್ಡ ಚಿತ್ರ. ಆ ಚಿತ್ರಕ್ಕೆ ಹಾಕಿದ್ದ ಗಾಜು ಮೂಲೆಯಲ್ಲಿ ಅರ್ಧ ಬೆರಳಿನಷ್ಟು ಚಿಕ್ಕದಾಗಿ ಕತ್ತರಿಸಿದ್ದನ್ನು ಅವಳ ಕಣ್ಣು ಕೂತಲ್ಲಿಂದಲೇ ಹಿಡಿಯಿತು. ಒಂದು ಗಂಟೆ ಹತ್ತು ನಿಮಿಷ ಕಾದ ಮೇಲೆ ಅವಳ ನಂಬರು ಬಂತು.

ಕೌಂಟರಿನ ಹುಡುಗಿ ಪರದೆ ನೋಡಿ, "ಆರೋಗ್ಯದ ಕಾರಣ ಮೇಡಂ," ಎಂದಳು.

"ಅದು ಕಾಗದದಲ್ಲೂ ಇದೆ. ಆರೋಗ್ಯದಲ್ಲಿ ಯಾವ ಕಾರಣ?"

"ಅದು ಗೌಪ್ಯ ಮೇಡಂ."

"ಯಾರಿಂದ ಗೌಪ್ಯ? ನನ್ನ ಆರೋಗ್ಯ ನನ್ನಿಂದಲೇ ಗೌಪ್ಯನಾ?"

ಹುಡುಗಿ ಮುಂದಿನ ನಂಬರು ಒತ್ತಲು ಕೈ ಚಾಚಿದಳು. ಗಾಜಕ್ಕ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, "ನಾನು ಏಳಲ್ಲ. ನಿಮ್ಮ ಮೇಲಿನವರನ್ನ ಕರೀರಿ. ಅವರಿಗೂ ಗೊತ್ತಿಲ್ಲದಿದ್ರೆ ಅವರ ಮೇಲಿನವರನ್ನ ಕರೀರಿ. ನನ್ನ ಹತ್ರ ಊಟ ಇದೆ, ಸೂಜಿ ಇದೆ, ಸಂಜೆವರೆಗೂ ಕೂರ್ತೀನಿ," ಎಂದಳು. ಹಿಂದೆ ಕಾಯುತ್ತಿದ್ದವರು ಗೊಣಗತೊಡಗಿದರು. ಒಬ್ಬ ಮುದುಕ ಮಾತ್ರ, "ಬಿಡ್ಬೇಡಮ್ಮ, ಕೇಳು," ಎಂದ.

ಕೊನೆಗೆ ಒಳಗಿನಿಂದ ಟೈ ಕಟ್ಟಿದ ಅಧಿಕಾರಿಯೊಬ್ಬ ಬಂದ. ಅವಳನ್ನು ಪಕ್ಕದ ಮೇಜಿಗೆ ಕರೆದು, ತನ್ನ ಕಂಪ್ಯೂಟರಿನಲ್ಲಿ ಏನೋ ತೆಗೆದು, ಅವಳ ಬಾಯಿ ಮುಚ್ಚಿಸಿದರೆ ಸಾಕೆನ್ನುವಂತೆ ಓದಿದ. "ನಿಮ್ಮ ಡಾಕ್ಟರೇ ಬರೆದು ಕಳಿಸಿದ್ದಾರೆ, ಕೇಳಿ. ಎರಡು ವರ್ಷದಿಂದ ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದೆ. ಮಾತ್ರೆ ಸರಿಯಾಗಿ ತಗೊಳ್ಳಲ್ಲ. ಎಡಗಾಲಿನ ಅಂಗಾಲಲ್ಲಿ ಐದು ತಿಂಗಳಿಂದ ವಾಸಿಯಾಗದ ಹುಣ್ಣು. ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರೆ ಒಪ್ತಿಲ್ಲ. ಈಗ ಹೇಳಿ, ಯಾವ ಕಂಪನಿ ಕೊಡುತ್ತೆ?"

ಗಾಜಕ್ಕ ಎರಡೂ ಚಪ್ಪಲಿ ಬಿಚ್ಚಿ, ಎದುರಿನ ಕುರ್ಚಿ ಎಳೆದು, ಎರಡೂ ಕಾಲು ಅದರ ಮೇಲಿಟ್ಟಳು.

"ಎಲ್ಲಿದೆ ಹುಣ್ಣು? ತೋರ್ಸಿ."

"ಮೇಡಂ, ದಯವಿಟ್ಟು..."

"ಕಣ್ಣು ಬಿಟ್ಟು ನೋಡ್ರಿ. ಇದು ಎಡಗಾಲು, ಇದು ಬಲಗಾಲು. ದಿನಾ ಸಂಜೆ ಕನ್ನಡಿ ಹಿಡಿದು ಅಂಗಾಲು ನೋಡ್ಕೊಳ್ಳೋಳು ನಾನು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಅಂಗಾಲಿನ ಹುಣ್ಣಿಗೆ ಬೇಕು ಅಂತ ನಮ್ಮಂಥ ಸಕ್ಕರೆಯವರಿಗೆ ಗೊತ್ತು. ಒಂದು ಗೀರು ತೋರ್ಸಿ, ಈಗಲೇ ಎದ್ದು ಹೋಗ್ತೀನಿ."

ಇಡೀ ಕಚೇರಿ ಅವಳ ಕಾಲು ನೋಡುತ್ತಿತ್ತು. ಅಧಿಕಾರಿ ಮುಖ ಪಕ್ಕಕ್ಕೆ ತಿರುಗಿಸಿ, "ನಾವು ಕಾಗದ ನೋಡ್ತೀವಿ ಮೇಡಂ, ಕಾಲು ನೋಡಲ್ಲ," ಎಂದ.

"ಕಾಗದವನ್ನಾದ್ರೂ ನೋಡಿದ್ರಾ? ನಿಮ್ಮ ಲ್ಯಾಬಿನವಳೇ ಬಂದು ಮೂತ್ರ ತಗೊಂಡು ಹೋದ್ಲು. ಅದರಲ್ಲಿ ಪ್ರೋಟೀನ್ ಇದೆಯಾ, ಓದಿ."

ಅವನು ಕೆಳಗೆ ಮೇಲೆ ಹುಡುಕಿದ. "ಇಲ್ಲ," ಎಂದ, ತಗ್ಗಿದ ದನಿಯಲ್ಲಿ.

"ಮಾತ್ರೆ ಸರಿಯಾಗಿ ತಗೊಳ್ಳಲ್ಲ ಅಂತ ಬರೆದಿದ್ದಾರಲ್ಲ, ನಾನು ಸಕ್ಕರೆಗೆ ಮಾತ್ರೆ ತಗೊಳ್ಳೋದೇ ಇಲ್ಲ. ಇನ್ಸುಲಿನ್. ಅರ್ಜೀಲಿ ದಪ್ಪಕ್ಷರದಲ್ಲಿದೆ. ಒಂದು ಕಾಗದ ಹೀಗೆ ಹೇಳುತ್ತೆ, ಇನ್ನೊಂದು ಹಾಗೆ. ಇದೇನಿದು ಅಂತ ಒಬ್ಬರಿಗಾದ್ರೂ ಒಂದು ಫೋನ್ ಮಾಡಿ ಕೇಳೋಣ ಅನ್ನಿಸಲಿಲ್ವಾ?"

"ಎರಡು ವರದಿ ಬೇರೆ ಬೇರೆ ಇದ್ರೆ ಕೆಟ್ಟದ್ದನ್ನೇ ತಗೋಬೇಕು ಅಂತ ನಿಯಮ ಮೇಡಂ."

"ಚೆನ್ನಾಗಿದೆ ನಿಯಮ. ನಿಮ್ಮ ಮನೆ ಹೆಣ್ಣು ಕೊಡುವಾಗಲೂ ಹಾಗೇ ಕೆಟ್ಟ ಗಂಡನ್ನೇ ಆರಿಸ್ಕೊಳ್ಳಿ," ಎಂದು ಚಪ್ಪಲಿ ಮೆಟ್ಟಿ ಎದ್ದಳು. ಮುದುಕ ಗಟ್ಟಿಯಾಗಿ ನಕ್ಕ. ಡಾಕ್ಟರ ವರದಿಯ ಪ್ರತಿ ಕೈಗೆ ಬರುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ. ಕೊಡುವ ಹಾಗಿಲ್ಲ, ಕೊಡುವ ಹಾಗಿಲ್ಲ ಎನ್ನುತ್ತಲೇ ಅಧಿಕಾರಿ ಕೊನೆಗೆ ಕೊಟ್ಟ.

ಬಸ್ಸಿನಲ್ಲಿ ಕೂತು ಆ ಕಾಗದವನ್ನು ಬಿಡಿಸಿಯೂ ನೋಡಲಿಲ್ಲ. ಈಗ ಅವಳ ಸಿಟ್ಟೆಲ್ಲ ಡಾಕ್ಟರ ಕಡೆ ತಿರುಗಿತ್ತು. ಹದಿಮೂರು ವರ್ಷದ ಹುಡುಗಿಯಾಗಿದ್ದಾಗ ಮೊದಲ ಸೂಜಿ ಚುಚ್ಚಲು ಕಲಿಸಿದ ಡಾಕ್ಟರು. ಆ ಮನುಷ್ಯ ಹೀಗೆ ಬರೆಯುವುದೆಂದರೇನು?

ಕ್ಲಿನಿಕ್ಕಿನಲ್ಲಿ ನಾಲ್ಕೈದು ರೋಗಿಗಳು ಕೂತಿದ್ದರು. ಫೈಲು ನೋಡಿಕೊಳ್ಳುವ ಗುಮಾಸ್ತೆ, ಮೂಗಿನ ತುದಿಯಲ್ಲಿ ಕನ್ನಡಕವಿಟ್ಟ ಹೆಂಗಸು, "ಸಾಲಲ್ಲಿ ಕೂತ್ಕೊಳ್ಳಿ," ಎನ್ನುವಷ್ಟರಲ್ಲಿ ಗಾಜಕ್ಕ ಒಳಗಿನ ಬಾಗಿಲು ತಳ್ಳಿಕೊಂಡು ಹೋಗಿ ಕಾಗದವನ್ನು ಡಾಕ್ಟರ ಮೇಜಿನ ಮೇಲೆ ಅಪ್ಪಳಿಸಿದ್ದಳು.

"ಇದು ನಿಮ್ಮ ಸಹೀನಾ ಡಾಕ್ಟ್ರೇ?"

ಡಾಕ್ಟರು ಎದುರಿಗಿದ್ದ ರೋಗಿಯನ್ನು ಹೊರಗೆ ಕಳಿಸಿ, ಕಾಗದ ಎತ್ತಿಕೊಂಡರು. ಓದುತ್ತ ಓದುತ್ತ ಅವರ ಮುಖ ಇಳಿಯಿತು. ಗುಮಾಸ್ತೆಯನ್ನು ಕರೆದು, "ಈ ವರದಿ ಯಾರ ಫೈಲಿಂದ ತುಂಬಿದೆ?" ಎಂದರು.

ಅವಳು ಹೊರಗಿನ ಕಪಾಟಿನಿಂದ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಫೈಲು ತಂದಳು. ಎರಡರ ಮೇಲೂ ಒಂದೇ ಮನೆತನದ ಹೆಸರು, ಒಂದೇ ಮನೆ ನಂಬರು. ಹೆಸರಿನ ಮೊದಲಕ್ಷರವೂ ಒಂದೇ. "ತುಂಬಾ ಜನ ಇದ್ರು ಅವತ್ತು. ಮೇಲೆ ಇದ್ದದ್ದನ್ನ ತಗೊಂಡೆ," ಎಂದಳು. "ನೀವೂ ಸಹಿ ಹಾಕಿದ್ರಿ ಡಾಕ್ಟ್ರೇ."

"ಹೂಂ. ಓದದೆ ಹಾಕಿದೆ," ಎಂದರು ಡಾಕ್ಟರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಎಂದು ಕೂಗಲು ಗಾಜಕ್ಕ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಉಳಿಯಿತು. ಎರಡನೇ ಫೈಲು ಯಾರದು? ಆ ಮನೆ ನಂಬರಿನಲ್ಲಿ, ಆ ಮನೆತನದ ಹೆಸರಿನಲ್ಲಿ, ಸಕ್ಕರೆಗೆ ಮಾತ್ರೆ ತಿನ್ನುವವನು ಇನ್ನೊಬ್ಬನೇ ಇದ್ದ. ಆರು ವರ್ಷದ ಹಿಂದೆ ಸಕ್ಕರೆ ಕಾಣಿಸಿಕೊಂಡಾಗ, "ನಂದು ನಿನ್ನಂಥದ್ದಲ್ಲ ಪುಟ್ಟಿ, ಚಿಲ್ಲರೆ ಸಕ್ಕರೆ" ಎಂದು ನಕ್ಕಿದ್ದವನು.

"ಐದು ತಿಂಗಳಿಂದ ಹುಣ್ಣಾ?" ಎಂದಳು. ದನಿ ತನ್ನದೇ ಅನ್ನಿಸಲಿಲ್ಲ.

"ನೋಡಮ್ಮ, ಇನ್ನೊಬ್ಬ ರೋಗಿಯ ವಿಷಯ ನಾನು ನಿನಗೆ ಹೇಳೋ ಹಾಗಿಲ್ಲ."

"ಹೇಳಬೇಕಾಗಿಲ್ಲ ಬಿಡಿ. ನಾಲ್ಕನೇ ಮಹಡಿಯ ಟೈ ಕಟ್ಟಿದವನಿಗೆ ಗೊತ್ತು. ಕೌಂಟರಿನ ಹುಡುಗಿಗೆ ಗೊತ್ತು. ಟೋಕನ್ ಹಿಡಿದು ಕೂತಿದ್ದ ಮುದುಕನಿಗೆ ಗೊತ್ತು. ಒಂದೇ ಮನೇಲಿ ಉಣ್ಣೋ ನನಗೆ ಮಾತ್ರ ಗೊತ್ತಾಗಬಾರದು!"

ಡಾಕ್ಟರು ತಲೆ ತಗ್ಗಿಸಿದರು. ಮೆಲ್ಲಗೆ, "ಆ ರೋಗಿ ಈ ವಾರವೇ ದೊಡ್ಡಾಸ್ಪತ್ರೆಗೆ ಹೋದ್ರೆ ಪಾದ ಉಳಿಯುತ್ತೆ," ಎಂದರು.

ಅಂಗಡಿಗೆ ಬಂದಾಗ ಅಣ್ಣ ಒಬ್ಬ ಗಿರಾಕಿಗೆ ಬಚ್ಚಲುಮನೆಯ ಕನ್ನಡಿ ತೋರಿಸುತ್ತಿದ್ದ. ಕೆಲಸಕ್ಕೆಂದು ಕೊಂಡ ದಪ್ಪ ಬೂಟು ಅವನ ಕಾಲಲ್ಲಿತ್ತು. ಕೆಲವು ತಿಂಗಳಿಂದ ಅವನು ಮನೆಯೊಳಗೂ ಕಾಲುಚೀಲ ಬಿಚ್ಚುತ್ತಿರಲಿಲ್ಲ, ಚಳಿ ಅನ್ನುತ್ತಿದ್ದ. ಅದನ್ನು ಕೇಳಿಯೂ ಕೇಳದವಳಂತೆ ಇದ್ದುಬಿಟ್ಟಿದ್ದಕ್ಕೆ ಅವಳಿಗೆ ತನ್ನ ಮೇಲೂ ರೇಗಿತು.

"ನಾಳೆ ಬನ್ನಿ," ಎಂದು ಗಿರಾಕಿಯನ್ನು ಸಾಗಹಾಕಿ ರೋಲಿಂಗ್ ಶಟರನ್ನು ಅರ್ಧ ಎಳೆದಳು.

"ಬೂಟು ಬಿಚ್ಚು."

"ಏನೇ ಇದು, ಬಂದೋಳು ಬಂದ ಹಾಗೇ..."

"ಬೂಟು ಬಿಚ್ಚು ಅಣ್ಣ."

"ಏನೂ ಇಲ್ಲ ಅಲ್ಲಿ. ಸಣ್ಣ ಗಾಯ."

"ಗಾಯ ಅಂತ ನಾನೆಲ್ಲಿ ಅಂದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅಣ್ಣ ನಿಂತ. ಆಮೇಲೆ ಪೆಟ್ಟಿಗೆಯೊಂದರ ಮೇಲೆ ಕೂತು ಲೇಸು ಬಿಚ್ಚತೊಡಗಿದ. ಕಾಲುಚೀಲ ಬಿಚ್ಚುವ ಮೊದಲೇ ವಾಸನೆ ಬಂತು. ಕಿರುಬೆರಳಿನ ಬುಡದಲ್ಲಿ, ಅಂಗಾಲಿನ ಕಡೆಗೆ, ಹುಣ್ಣು ಬಾಯಿ ಬಿಟ್ಟುಕೊಂಡಿತ್ತು. ಸುತ್ತ ಚರ್ಮ ಬೆಳ್ಳಗೆ ಸತ್ತಿತ್ತು. ಕಿರುಬೆರಳೂ ಅದರ ಪಕ್ಕದ್ದೂ ಕಪ್ಪಗಾಗಿದ್ದವು.

"ಗಾಜಿನ ಚೂರು ಚುಚ್ಚಿದ್ದು," ಎಂದ. "ಗೊತ್ತೇ ಆಗ್ಲಿಲ್ಲ ಪುಟ್ಟಿ. ನೋವೇ ಇರ್ಲಿಲ್ಲ. ಸಂಜೆ ಕಾಲುಚೀಲದಲ್ಲಿ ರಕ್ತ ನೋಡಿದ ಮೇಲೇ ಗೊತ್ತಾಗಿದ್ದು."

"ಐದು ತಿಂಗಳು. ಐದು ತಿಂಗಳಿಂದ ಮುಚ್ಚಿಟ್ಟಿದ್ದೀಯ."

"ಅಪ್ಪ ಏನು ಹೇಳ್ತಿದ್ದ, ಮರೆತ್ಯಾ? ಮನೇಲಿ ಒಬ್ಬ ರೋಗಿ ಸಾಕು, ನೀನು ಗಟ್ಟಿಯಾಗಿರು ಅಂತ. ಶಾಲೇಲಿ ನಿಂಗೆ ತಲೆ ಸುತ್ತಿದಾಗೆಲ್ಲ ಜೇಬಲ್ಲಿ ಸಕ್ಕರೆ ಇಟ್ಕೊಂಡು ಓಡಿ ಬರ್ತಿದ್ದೋನು ನಾನು. ಈಗ ನಾನೇ ಕಾಲು ಎಳ್ಕೊಂಡು ನಿನ್ನ ಮುಂದೆ ಹೇಗೆ ನಿಲ್ಲಲಿ?"

ಆ ಮಾತು ಅವಳ ಕರುಳಿಗೆ ತಾಗಿತು. ಬೇರೆ ದಿನವಾಗಿದ್ದರೆ ಅಲ್ಲೇ ಕರಗಿಬಿಡುತ್ತಿದ್ದಳೋ ಏನೋ. ಅಷ್ಟರಲ್ಲಿ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು.

"ಕಂಪನಿ ಕಾಗದ ಬಂದ ದಿನ ನಿಂಗೆ ಗೊತ್ತಾಗಿತ್ತಾ? ನಿನ್ನದು ನನ್ನದು ಅದಲುಬದಲಾಗಿದೆ ಅಂತ?"

ಅಣ್ಣ ಬೂಟಿನ ಲೇಸನ್ನು ಬೆರಳಿಗೆ ಸುತ್ತತೊಡಗಿದ.

"ಹೇಳು."

"ಪೂರ್ತಿ ಗೊತ್ತಿರ್ಲಿಲ್ಲ. ಹಿಂದಿನ ತಿಂಗಳು ಡ್ರೆಸಿಂಗ್‌ಗೆ ಹೋದಾಗ ಆ ಗುಮಾಸ್ತೆ, ವಿಮೆ ಮಾಡಿಸ್ತಿದ್ದೀರಂತಲ್ಲ, ನಿಮ್ಮ ವರದಿ ಕಳಿಸಿದ್ವಿ ಅಂದ್ಲು. ನಿನ್ನ ವಿಷಯ ಅಂದ್ಕೊಂಡು ಹೂಂ ಅಂದೆ. ಆ ಕಾಗದ ಬಂದಾಗ ಅನುಮಾನ ಬಂತು."

"ಅನುಮಾನ ಬಂದು ಎಂಟು ದಿನ ನನ್ನ ಎದುರಿಗೇ ಕೂತು ಊಟ ಮಾಡಿದೆ. ನಾನು ಹುಚ್ಚಿ ಹಾಗೆ ಒದ್ದಾಡೋದು ನೋಡ್ತಾ. ಕೆದಕಬೇಡ ಅಂದೆ!"

"ಹೇಳಿದ್ರೆ ಕಾಲಿನ ವಿಷಯಾನೂ ಹೇಳ್ಬೇಕಿತ್ತಲ್ಲ."

"ನಿನ್ನ ಕಾಲು ಮುಚ್ಚೋಕೆ ನನ್ನ ಮಗಳ ತಲೆ ಮೇಲಿನ ಸೂರು ಕಿತ್ತು ಹೊದ್ಕೊಂಡ್ಯಲ್ಲೋ," ಎಂದಳು ಗಾಜಕ್ಕ. ಅವಳು ಅಣ್ಣನನ್ನು ಎಂದೂ "ಲೋ" ಅಂದವಳಲ್ಲ. ಅಂದ ಮೇಲೆ ಕೈಕಾಲು ನಡುಗಿದವು. ಬೆವರು ಕಿತ್ತುಕೊಂಡು ಬಂತು. ಬೆಳಗಿನ ಸೂಜಿ ಚುಚ್ಚಿಕೊಂಡವಳು ಮಧ್ಯಾಹ್ನದ ಊಟವನ್ನೇ ಮರೆತಿದ್ದಳು. ಚೀಲದಲ್ಲಿದ್ದ ಡಬ್ಬಿ ತೆರೆಯಲು ಬೆರಳು ಕೇಳಲಿಲ್ಲ. ಅಣ್ಣ ಬರಿಗಾಲಲ್ಲಿ ಕುಂಟುತ್ತ ಎದ್ದು ಗಲ್ಲಾಪೆಟ್ಟಿಗೆಯಿಂದ ಸಕ್ಕರೆ ಪೊಟ್ಟಣ ತಂದು ಅವಳ ಬಾಯಿಗೆ ಸುರಿದ. ಅವಳು ನುಂಗಿದಳು. ನುಂಗಿ, ಐದು ನಿಮಿಷ ಗೋಡೆಗೆ ಒರಗಿ ಕೂತು, ತಲೆ ತಿಳಿಯಾದ ಮೇಲೆ ಹೇಳಿದ ಮೊದಲ ಮಾತು: "ಇದರಿಂದ ಏನೂ ಸರಿಹೋಗಲ್ಲ. ಏಳು, ಆಸ್ಪತ್ರೆಗೆ."

ಅತ್ತಿಗೆ ಹೊಲಿಗೆ ಯಂತ್ರ ಬಿಟ್ಟು ಆಸ್ಪತ್ರೆಗೆ ಓಡಿಬಂದಳು. ಮೂರನೇ ದಿನ ಅಣ್ಣನ ಎಡಗಾಲಿನ ಎರಡು ಬೆರಳು ತೆಗೆದರು. ಪಾದ ಉಳಿಯಿತು. ಅತ್ತಿಗೆ ಅಳಲಿಲ್ಲ, ಕಾರಿಡಾರಿನ ಬೆಂಚಿನ ಮೇಲೆ ಕೂತು, "ಗಾಯ ಆಗಿದೆ, ಮುಟ್ಟಬೇಡ ಅಂತ ನನಗೂ ಕಾಲು ತೋರಿಸ್ಲಿಲ್ಲ. ಹೆಂಡತಿಗೂ!" ಎಂದು ಅದನ್ನೇ ಹತ್ತು ಸಲ ಹೇಳಿದಳು. ಇಬ್ಬರು ಹೆಂಗಸರೂ ಪಕ್ಕಪಕ್ಕದಲ್ಲಿ ಕೂತು ಒಬ್ಬನ ಮೇಲೆಯೇ ಸಿಟ್ಟಾಗಿದ್ದರು. ಆ ದಿನಗಳಲ್ಲಿ ಗಾಜಕ್ಕನಿಗೆ ಒಂದಿಷ್ಟು ಸಮಾಧಾನ ಕೊಟ್ಟದ್ದು ಅದೊಂದೇ.

ಕಂಪನಿಯನ್ನು ಅವಳು ಬಿಡಲಿಲ್ಲ. ಡಾಕ್ಟರು ತಪ್ಪೊಪ್ಪಿಕೊಂಡು, ತಮ್ಮ ಕೈಯಾರೆ, ಒಂದೊಂದು ಸಾಲು ಓದಿ ನೋಡಿ ಹೊಸ ವರದಿ ಬರೆದುಕೊಟ್ಟರು. ಅದನ್ನು ಕಳಿಸಿದರೆ ಕಂಪನಿಯಿಂದ ಉತ್ತರ ಬಂತು: ಹಳೆಯ ಅರ್ಜಿ ಮುಗಿದುಹೋಗಿದೆ, ಹೊಸದಾಗಿ ಹಾಕಿ. ಹೊಸ ಅರ್ಜಿಯ ಹದಿನೇಳನೇ ಪ್ರಶ್ನೆ: ಹಿಂದೆ ಯಾವುದಾದರೂ ಕಂಪನಿ ನಿಮಗೆ ವಿಮೆ ನಿರಾಕರಿಸಿದೆಯೇ?

"ಹೌದು ಅಂತ ಬರೀಬೇಕಂತೆ," ಎಂದು ಅತ್ತಿಗೆಗೆ ಹೇಳಿದಳು. "ಅವರೇ ಕೆಸರು ಎರಚೋದು, ಆಮೇಲೆ ಸೀರೆ ಯಾಕೆ ಕೊಳೆಯಾಗಿದೆ ಅಂತ ಅವರೇ ಕೇಳೋದು."

ಅರ್ಜಿ ತುಂಬಲಿಲ್ಲ. ವಿಮೆಯ ದೂರುಗಳನ್ನು ವಿಚಾರಿಸುವ ಸರ್ಕಾರಿ ಅಧಿಕಾರಿಗೆ ನಾಲ್ಕು ಪುಟ ಬರೆದಳು. ಎರಡು ವರದಿಗಳನ್ನೂ, ಕಂಪನಿಯ ಲ್ಯಾಬಿನ ಫಲಿತಾಂಶವನ್ನೂ, ತನ್ನ ಎರಡು ಅಂಗಾಲುಗಳ ಫೋಟೋವನ್ನೂ ಲಗತ್ತಿಸಿದಳು. ಫೋಟೋ ಬೇಕಾಗಿರಲಿಲ್ಲ, ಸಿಟ್ಟಿಗೆ ಹಾಕಿದ್ದು. ನಾಲ್ಕು ತಿಂಗಳು ಕಳೆಯಿತು. ಮೂರು ಸಲ ನೆನಪೋಲೆ ಬರೆದಳು. ಕೊನೆಗೊಂದು ದಿನ ಹಲ್ಲುಗಿಂಜು ತಾನಾಗಿಯೇ ಅಂಗಡಿಗೆ ಬಂದ, ಲಕೋಟೆಯನ್ನು ಆರತಿ ತಟ್ಟೆಯಂತೆ ಎರಡು ಕೈಯಲ್ಲಿ ಹಿಡಿದುಕೊಂಡು.

ನಿರಾಕರಣೆಯನ್ನು ದಾಖಲೆಯಿಂದ ಅಳಿಸಿದ್ದರು. ತೀರಿಕೊಂಡರೆ ಮಗಳಿಗೆ ಸಿಗುವ ರಕ್ಷಣೆ ಕೊಡಲು ಒಪ್ಪಿದ್ದರು, ಕಂತು ಒಂದೂಮುಕ್ಕಾಲು ಪಟ್ಟು. ದೊಡ್ಡ ಕಾಯಿಲೆಯ ರಕ್ಷಣೆ ಮಾತ್ರ ಇಲ್ಲ. ಮಧುಮೇಹಿಗಳಿಗೆ ಅದನ್ನು ಕೊಡುವ ಪದ್ಧತಿ ಇಲ್ಲವಂತೆ. ತಮ್ಮನ್ನು ನಮ್ಮ ಕುಟುಂಬಕ್ಕೆ ಸ್ವಾಗತಿಸಲು ಹರ್ಷಿಸುತ್ತೇವೆ ಎಂದು ಕೊನೆಯ ಸಾಲು.

"ಗೆದ್ರಿ ಅಕ್ಕಾ!" ಎಂದ ಹಲ್ಲುಗಿಂಜು.

"ಏನು ಗೆದ್ದೆ? ಇಪ್ಪತ್ತೆಂಟು ವರ್ಷ ಒಂದು ತುತ್ತು ಹೆಚ್ಚು ತಿನ್ನದೆ ಬದುಕಿದ್ದಕ್ಕೆ ಒಂದೂಮುಕ್ಕಾಲು ಪಟ್ಟು ದಂಡ. ಸತ್ರೆ ಕೊಡ್ತಾರೆ, ಬದುಕಿ ನರಳಿದ್ರೆ ಇಲ್ಲ. ನೀನು ಎಷ್ಟು ಕಟ್ತೀಯ? ದಿನಕ್ಕೆ ಒಂದು ಪ್ಯಾಕೆಟ್ ಸಿಗರೇಟು ಸೇದ್ತೀಯಲ್ಲ."

ಅವನ ನಗು ಮೊದಲ ಸಲ ಸ್ವಲ್ಪ ಆರಿತು. "ಅರ್ಜೀಲಿ ಸೇದಲ್ಲ ಅಂತ ಬರೆದಿದ್ದೀನಿ," ಎಂದ.

ಕಂತಿನ ಅಂಕಿಯನ್ನು ಅವಳು ಇನ್ನೊಮ್ಮೆ ನೋಡಿದಳು. ಆಮೇಲೆ ಸಹಿ ಹಾಕಿದಳು. ಹಾಕದೆ ಇರುವಂತಿರಲಿಲ್ಲ, ಮಗಳು ಶಾಲೆಯಿಂದ ಬರುವ ಹೊತ್ತಾಗಿತ್ತು. ಪೆನ್ನು ಎಷ್ಟು ಒತ್ತಿದಳೆಂದರೆ ಕೆಳಗಿನ ಹಾಳೆಯ ಮೇಲೂ ಸಹಿ ಮೂಡಿತು.

ಅಣ್ಣ ಮೂಲೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತು, ಅಗಲವಾದ ವಿಶೇಷ ಚಪ್ಪಲಿ ಹಾಕಿದ ಕಾಲನ್ನು ಇನ್ನೊಂದು ಸ್ಟೂಲಿನ ಮೇಲಿಟ್ಟು, ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ. ಕೂರಿಸಲು ಹೋಗುವ ಕೆಲಸಕ್ಕೆ ಈಗ ಬೇರೊಬ್ಬ ಬಡಗಿ ಬರುತ್ತಿದ್ದ. ಅಣ್ಣ ತಂಗಿಯ ನಡುವೆ ಅಳತೆಯ ಮಾತು ಬಿಟ್ಟು ಬೇರೆ ಮಾತು ಹೆಚ್ಚು ನಡೆಯುತ್ತಿರಲಿಲ್ಲ. ಅವನು ಸುತ್ತಿಗೆ ಕೆಳಗಿಟ್ಟು ಏಜೆಂಟಿನ ಕಡೆ ತಿರುಗಿ, "ನನಗೆ ಸಿಗುತ್ತೇನ್ರೀ? ಇವಳ ಅತ್ತಿಗೆಗೆ ಅಂತ ಏನಾದ್ರೂ?" ಎಂದ.

ಹಲ್ಲುಗಿಂಜು ಆ ಕಾಲನ್ನು ನೋಡಿದ, ಗಾಜಕ್ಕನನ್ನು ನೋಡಿದ. "ಕಷ್ಟ ಅಣ್ಣಾ. ಈಗ ಯಾರೂ ಕೊಡಲ್ಲ. ಆರು ವರ್ಷದ ಹಿಂದೆ ಸಕ್ಕರೆ ಬಂದ ಹೊಸದರಲ್ಲೇ ಕೇಳಿದ್ರೆ ಕೊಡ್ತಿದ್ರೇನೋ. ಇನ್ನೆರಡು ವರ್ಷ ಎಲ್ಲ ಸರಿಯಾಗಿಟ್ಕೊಂಡ್ರೆ, ಕೇಳಿ ನೋಡಬಹುದು."

ಅಣ್ಣ ತಲೆಯಾಡಿಸಿ ಸುತ್ತಿಗೆ ಎತ್ತಿಕೊಂಡ. ಏಜೆಂಟ್ ಹೋದ ಮೇಲೂ ಗಾಜಕ್ಕ ಸ್ವಲ್ಪ ಹೊತ್ತು ಮೇಜಿನ ಹತ್ತಿರವೇ ನಿಂತಿದ್ದಳು. ಅವನಿಗೆ ಹೀಗಾಯಿತಲ್ಲ ಎಂದು ಅವಳಿಗೆ ಸಂತೋಷವೂ ಆಗಲಿಲ್ಲ, ಮರುಕಪಟ್ಟು ಸುಮ್ಮನಾಗಲೂ ಮನಸ್ಸು ಬರಲಿಲ್ಲ.

"ಮಧ್ಯಾಹ್ನದ ಮಾತ್ರೆ ತಗೊಂಡ್ಯಾ?" ಎಂದಳು.

"ತಗೊಂಡೆ."

"ಸುಳ್ಳು. ಮಾತ್ರೆ ಸ್ಟ್ರಿಪ್ಪು ಇಲ್ಲೇ ಇದೆ, ನಾನು ಎಣಿಸಿದ್ದೀನಿ."

ಅಣ್ಣ ಕೈ ಚಾಚಿದ. ಅವಳು ಮಾತ್ರೆಯನ್ನು ಅವನ ಅಂಗೈಗೆ ಹಾಕಿ, ನೀರಿನ ಲೋಟವನ್ನು ಅವನ ಪಕ್ಕ ಸದ್ದಾಗುವ ಹಾಗೆ ಕುಕ್ಕಿದಳು. ಅವನು ನುಂಗುವವರೆಗೆ ಎದುರಿಗೇ ನಿಂತಿದ್ದು, "ಎರಡು ವರ್ಷ ಅಂದ ಅವನು. ಎರಡು ವರ್ಷಕ್ಕೆ ಒಂದು ದಿನ ಕಮ್ಮಿ ಆದ್ರೂ ನಾನು ಬಿಡಲ್ಲ," ಎಂದು ಕಟರ್ ಎತ್ತಿಕೊಂಡು ಮುಂದಿನ ಗಾಜಿನ ಕಡೆ ಹೋದಳು.